ಹೇಳಿ ಹೋಗುವ ಮರ

1987ರ ಬೇಸಿಗೆಯ ಒಂದು ರಾತ್ರಿ ನಮ್ಮ ಮನೆಯ ಅಂಗಳದಲ್ಲಿ ಧಡ್ ಎಂದು ಒಂದು ಸದ್ದಾಯಿತು. ಜೋರೇನಲ್ಲ, ಹೆಗಲ ಮೇಲಿನ ಅಕ್ಕಿಮೂಟೆಯನ್ನು ಮಣ್ಣಿನ ನೆಲಕ್ಕೆ ಇಳಿಸಿದರೆ ಆಗುವಷ್ಟು. ಬೆಕ್ಕು ಏನೋ ಕೆಡವಿರಬೇಕು ಎಂದು ಅಮ್ಮ ಮಗ್ಗುಲು ಬದಲಿಸಿದರು. ಯಾರೂ ಎದ್ದು ನೋಡಲಿಲ್ಲ. ಬೆಳಗ್ಗೆ ರಂಗೋಲಿ ಹಾಕಲು ಬಾಗಿಲು ತೆಗೆದ ಅಮ್ಮ ಬಕೀಟನ್ನು ಹೊಸ್ತಿಲ ಮೇಲೇ ಇಟ್ಟು ಒಳಗೆ ಬಂದು ಅಪ್ಪನನ್ನು ಎಬ್ಬಿಸಿದರು.

ಅಪ್ಪನ ಕಾರು ಕಾಗದಪತ್ರದಲ್ಲಿ ಪ್ರೀಮಿಯರ್ ಪದ್ಮಿನಿ, ಎಲ್ಲರ ಬಾಯಲ್ಲಿ ಫಿಯೆಟ್. ಅಂಚೆ ಇಲಾಖೆಯಲ್ಲಿ ಗುಮಾಸ್ತರಾಗಿದ್ದ ಅವರು ಅದನ್ನು ಮೂರನೆಯ ಕೈಯಿಂದ ಕೊಂಡಿದ್ದರು. ಕೊಂಡ ದಿನದಿಂದ ಅದರ ಕೆಲಸವನ್ನೆಲ್ಲ ತಾವೇ ಮಾಡಿಕೊಳ್ಳುತ್ತಿದ್ದರು. ಹಿಂದಿನ ಸಂಜೆ ಮುಂದಿನ ಎರಡೂ ಗಾಲಿ ಬಿಚ್ಚಿ, ಪಕ್ಕದ ಸೈಟಿನಲ್ಲಿ ಕಾಂಪೌಂಡ್ ಕಟ್ಟಲು ತಂದಿಟ್ಟಿದ್ದ ಎರಡು ಹಾಲೋ ಬ್ಲಾಕ್ ಕೇಳಿ ತಂದು, ಅವುಗಳ ಮೇಲೆ ಕಾರಿನ ಮುಂಭಾಗವನ್ನು ಕೂರಿಸಿದ್ದರು. ಗೋಣಿಚೀಲ ಹಾಸಿಕೊಂಡು ಕೆಳಗೆ ಹೋಗಿ ಒಂದು ಗಂಟೆಗೂ ಮಿಕ್ಕಿ ಮಲಗಿದ್ದರು. ಗ್ರೀಸ್ ನಿಪ್ಪಲ್ಲುಗಳನ್ನು ಒರೆಸಿ ಒಂದೊಂದಕ್ಕೂ ಗ್ರೀಸ್ ಹೊಡೆದದ್ದು ಅವರು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಟಾರ್ಚ್ ಹಿಡಿದದ್ದು ನಾನು. ಕತ್ತಲಾಯಿತೆಂದು ಉಳಿದ ಕೆಲಸವನ್ನು ಬೆಳಗ್ಗೆಗೆ ಬಿಟ್ಟು ಎದ್ದೆವು.

ಬೆಳಗ್ಗೆ ನೋಡಿದರೆ ಎಡಗಡೆಯ ಬ್ಲಾಕ್ ಇರಲೇ ಇಲ್ಲ. ಇದ್ದ ಜಾಗದಲ್ಲಿ ಬೂದುಬಣ್ಣದ ಪುಡಿ, ಮುಷ್ಟಿಯಷ್ಟು ಗಾತ್ರದ ಐದಾರು ಚೂರು. ಬ್ರೇಕ್ ಡ್ರಮ್ ನೆಲಕ್ಕೆ ಕೂತು ಮಣ್ಣಿನಲ್ಲಿ ಒಂದಂಗುಲ ಇಳಿದಿತ್ತು. ಅಪ್ಪ ಏನೂ ಮಾತಾಡಲಿಲ್ಲ. ಬಗ್ಗಿ, ಹೊರಗೆ ಚಾಚಿಕೊಂಡಿದ್ದ ಗೋಣಿಚೀಲದ ತುದಿ ಹಿಡಿದು ಎಳೆದರು. ಬರಲಿಲ್ಲ. ಇನ್ನೊಮ್ಮೆ ಎಳೆದರು. ಚೀಲದ ನಾರು ಪರ್ ಎಂದಿತೇ ಹೊರತು ಚೀಲ ಅಲುಗಲಿಲ್ಲ. ನಾನು ಮಂಡಿಯೂರಿ ಒಳಗೆ ನೋಡಿದೆ. ಹಿಂದಿನ ಸಂಜೆ ಅಪ್ಪನ ಎದೆ ಇದ್ದ ಜಾಗದಲ್ಲಿ ಕಬ್ಬಿಣ ಚೀಲವನ್ನು ನೆಲಕ್ಕೆ ಒತ್ತಿ ಹಿಡಿದಿತ್ತು.

ಅಪ್ಪ ಅಂದಿನಿಂದ ಕಾರಿನ ಕೆಳಗೆ ಹೋಗುವುದನ್ನೇ ಬಿಟ್ಟರು. ಬಾನೆಟ್ ತೆಗೆದು ಮೇಲಿನಿಂದ ಮಾಡಬಹುದಾದ್ದನ್ನು ಮಾತ್ರ ಮಾಡುತ್ತಿದ್ದರು, ಉಳಿದದ್ದು ಗ್ಯಾರೇಜಿಗೆ. ಆ ವಿಷಯ ನಮ್ಮ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಆದರೆ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಉಳಿಯಿತು: ಸಂಜೆಯೆಲ್ಲ ಹೊತ್ತು ನಿಂತ ಬ್ಲಾಕ್, ಯಾರೂ ಮುಟ್ಟದಿದ್ದಾಗ, ರಾತ್ರಿ ಏಕೆ ಒಡೆಯಿತು?

ಉತ್ತರ ಗೊತ್ತಾಗಲು ಬಹಳ ವರ್ಷ ಬೇಕಾಗಲಿಲ್ಲ. ಹಾಲೋ ಬ್ಲಾಕಿನ ಕಣ್ಣುಗಳು ಆಕಾಶ ನೋಡುವಂತೆ ಇಟ್ಟು, ಮೇಲೆ ಗೋಡೆಯ ಭಾರ ಸಮನಾಗಿ ಹರಡಿದರೆ ಅದು ಎಷ್ಟು ಬೇಕಾದರೂ ಹೊರುತ್ತದೆ. ಅದನ್ನೇ ಮಗ್ಗುಲಾಗಿ ಮಲಗಿಸಿ, ಕಬ್ಬಿಣದ ಒಂದು ಅಂಚನ್ನು ಮೇಲೆ ಕೂರಿಸಿದರೆ ಇಡೀ ಭಾರ ಒಂದೂವರೆ ಅಂಗುಲ ದಪ್ಪದ ಒಂದು ಗೋಡೆಯ ಮೇಲೆ, ಅದರಲ್ಲೂ ಒಂದು ಗೆರೆಯ ಮೇಲೆ ಬೀಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಹುಟ್ಟುತ್ತದೆ, ಗಂಟೆಗಟ್ಟಲೆ ಒಳಗೊಳಗೇ ಬೆಳೆಯುತ್ತದೆ. ಕೊನೆಗೆ ಒಂದೇ ಏಟಿಗೆ ಪುಡಿ. ಸಿಮೆಂಟಿಗೆ ನಲುಗುವುದು ಗೊತ್ತಿಲ್ಲ. ನಿಂತಿರುತ್ತದೆ, ಇಲ್ಲವೇ ಇಲ್ಲವಾಗುತ್ತದೆ. ಈಗಲೂ ರಸ್ತೆ ಬದಿಯಲ್ಲಿ ಇಟ್ಟಿಗೆಯ ಮೇಲೋ ಬ್ಲಾಕಿನ ಮೇಲೋ ನಿಲ್ಲಿಸಿದ ಕಾರಿನ ಕೆಳಗಿಂದ ಯಾರದೋ ಎರಡು ಕಾಲು ಕಂಡರೆ ನಾನು ಗಾಡಿ ನಿಲ್ಲಿಸಿ ಹೇಳಿಯೇ ಮುಂದೆ ಹೋಗುವುದು.

1996ರಲ್ಲಿ ನಾನು ಹಳೆಯದೊಂದು ಮಾರುತಿ 800 ಕೊಂಡೆ. ಆಗ ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಆ ಕಾರಿನ ಮೇಲೆ ನನಗಿದ್ದ ಪ್ರೀತಿ ದೊಡ್ಡದು. 796 ಸಿಸಿಯ ಮೂರು ಸಿಲಿಂಡರಿನ ಪುಟ್ಟ ಇಂಜಿನ್, ಕಾರಿನ ಒಟ್ಟು ತೂಕ ಸುಮಾರು 650 ಕೆಜಿ. ಬಾನೆಟ್ ಎತ್ತಿದರೆ ಪ್ರತಿಯೊಂದು ಭಾಗವೂ ಕೈಗೆ ಸಿಗುವಂತೆ ಕೂತಿರುತ್ತಿತ್ತು. ಆದರೆ ಆಯಿಲ್ ಬದಲಿಸಲು, ಸೈಲೆನ್ಸರಿನ ರಬ್ಬರ್ ಹಾಕಲು, ಗೇರ್ ಬಾಕ್ಸಿನ ಆಯಿಲ್ ಮಟ್ಟ ನೋಡಲು ಕೆಳಗೆ ಹೋಗಲೇಬೇಕು. ಕೆಳಗೆ ಹೋಗುವುದೆಂದರೆ ನನಗೆ ಗೋಣಿಚೀಲ ಕಣ್ಣ ಮುಂದೆ ಬರುತ್ತಿತ್ತು. ಎರಡು ವರ್ಷ ಗ್ಯಾರೇಜಿಗೇ ಕೊಟ್ಟೆ.

ಕೊನೆಗೆ ಗ್ಯಾರೇಜು ಬಿಡುವಂತೆ ಮಾಡಿದ್ದು ಒಂದು ರಬ್ಬರ್ ಬುಷ್. ಮುಂದಿನ ಗಾಲಿಯ ಲೋಯರ್ ಆರ್ಮ್‌ನ ಬುಷ್ ಹರಿದು ಕಟಕಟ ಸದ್ದು ಬರುತ್ತಿತ್ತು. ಹೊಸದು ಹಾಕಿಸಿದೆ. ಏಳು ತಿಂಗಳಿಗೆ ಅದೂ ಹರಿಯಿತು. ಮತ್ತೆ ಹಾಕಿಸಿದೆ, ಮತ್ತೆ ಹರಿಯಿತು. ಮೂರನೆಯ ಸಲ ಪಕ್ಕದಲ್ಲೇ ನಿಂತು ನೋಡಿದಾಗ ಕಾರಣ ತಿಳಿಯಿತು. ಹುಡುಗ ಕಾರನ್ನು ಜಾಕಿನಲ್ಲಿ ಎತ್ತಿ, ಗಾಲಿ ಜೋತುಬಿದ್ದಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿ ಮಾಡಿದ. ರಬ್ಬರು ಜೋತುಬಿದ್ದ ಸ್ಥಿತಿಯಲ್ಲೇ ಸೆರೆಯಾಯಿತು. ಕಾರು ಕೆಳಗಿಳಿದು ಗಾಲಿ ತನ್ನ ಜಾಗಕ್ಕೆ ಬಂದಾಗ ಆ ರಬ್ಬರು ಸದಾ ತಿರುಚಿಕೊಂಡೇ ಇರುತ್ತದೆ, ಪ್ರತಿ ಗುಂಡಿಯಲ್ಲೂ ಇನ್ನಷ್ಟು ತಿರುಚಿಕೊಳ್ಳುತ್ತದೆ. ಆ ಬೋಲ್ಟನ್ನು ಕೊನೆಯ ಬಿಗಿ ಮಾಡಬೇಕಾದದ್ದು ಕಾರು ತನ್ನ ಗಾಲಿಗಳ ಮೇಲೆ ತಾನು ನಿಂತಿರುವಾಗ. ಹಾಗೆ ನಿಂತಿರುವಾಗ ಕೆಳಗೆ ಕೈ ಹೋಗುವುದಿಲ್ಲ. ಅಂದರೆ ಕಾರು ಗಾಲಿಯ ಮೇಲೂ ನಿಂತಿರಬೇಕು, ನೆಲದಿಂದ ಮೇಲೂ ಇರಬೇಕು. ಚಾಸಿಗೆ ಕೊಡುವ ಕಬ್ಬಿಣದ ಸ್ಟ್ಯಾಂಡ್ ಇದಕ್ಕೆ ಒದಗದು. ಆಸರೆಯನ್ನು ಗಾಲಿಯ ಕೆಳಗೇ ಕೊಡಬೇಕು.

ಮೊದಲು ಹೊಳೆದದ್ದು ಇಳಿಜಾರು. ಎರಡಂಗುಲ ದಪ್ಪ, ಹತ್ತಂಗುಲ ಅಗಲದ ಹಲಗೆಗಳನ್ನು ಮೆಟ್ಟಿಲಿನಂತೆ ಒಂದರ ಮೇಲೊಂದು ಪೇರಿಸಿ ಮೊಳೆ ಹೊಡೆದೆ. ಮೂರು ಮೆಟ್ಟಿಲು, ಆರಂಗುಲ ಎತ್ತರ. ಜಾಕಿನ ಗೋಜಿಲ್ಲ, ಕಾರನ್ನು ಹತ್ತಿಸಿದರಾಯಿತು. ಅಪ್ಪನ ಫಿಯೆಟ್ ಇನ್ನೂ ಇತ್ತು, ಮೊದಲು ಅದನ್ನೇ ಹತ್ತಿಸಿ ನೋಡೋಣ ಎಂದುಕೊಂಡೆ. ಪೋರ್ಟಿಕೋದ ನೆಲ ಕೆಂಪು ಗಾರೆಯದು, ಕನ್ನಡಿಯಂತೆ ನುಣುಪು. ಗಾಲಿ ಮೊದಲ ಮೆಟ್ಟಿಲಿಗೆ ತಾಗಿದ್ದೇ ತಡ, ಎರಡೂ ಮರ ಕಾರಿನ ಮುಂದೆ ಮುಂದೆ ಜಾರುತ್ತ ಗೋಡೆಯವರೆಗೆ ಹೋದವು. ಮಾರುತಿಯನ್ನು ತಂದೆ. ಅದು ಹತ್ತತೊಡಗಿತು. ಸಂತೋಷದಲ್ಲಿ ಕ್ಲಚ್ ಸ್ವಲ್ಪ ಬೇಗ ಬಿಟ್ಟೆ. ಬಲಗಡೆಯ ಮರ ಸರಕ್ಕನೆ ಹಿಂದಕ್ಕೆ ಚಿಮ್ಮಿ ಕಾರಿನ ಹೊಟ್ಟೆಯ ಕೆಳಗೆ ನುಗ್ಗಿತು.

ಒಂದೇ ಮರ, ಒಂದೇ ನೆಲ. ಒಂದು ಕಾರು ಮುಂದಕ್ಕೆ ನೂಕಿತು, ಇನ್ನೊಂದು ಹಿಂದಕ್ಕೆ ಎಸೆಯಿತು. ಅಂದು ರಾತ್ರಿ ಕಾಗದದ ಮೇಲೆ ಬಾಣದ ಗುರುತು ಹಾಕುತ್ತ ಕೂತೆ. ಫಿಯೆಟ್‌ನಲ್ಲಿ ಇಂಜಿನ್ನಿನ ಬಲ ಹೋಗುವುದು ಹಿಂದಿನ ಗಾಲಿಗೆ. ಅವು ತಳ್ಳುತ್ತವೆ, ಮುಂದಿನ ಗಾಲಿಗಳು ಸುಮ್ಮನೆ ಉರುಳುತ್ತ ಎದುರು ಸಿಕ್ಕಿದ್ದನ್ನು ಮುಂದಕ್ಕೆ ನೂಕುತ್ತವೆ. ಮಾರುತಿಯಲ್ಲಿ ಎಳೆಯುವ ಗಾಲಿಯೇ ಮುಂದಿನದು. ಅದು ತಾನು ಮೆಟ್ಟಿದ್ದನ್ನು ಹಿಂದಕ್ಕೆ ಒದೆದು ಮುಂದೆ ಹೋಗುತ್ತದೆ. ಚಾಪೆಯ ಮೇಲೆ ನಿಂತು ಓಡಲು ಹೊರಟರೆ ಚಾಪೆ ಹಿಂದೆ ಸರಿಯುವುದಿಲ್ಲವೇ, ಹಾಗೆ. ಈ ಎರಡನ್ನೂ ನಾನು ಮಕ್ಕಳಿಗೆ ಎಷ್ಟೋ ಸಲ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ್ದೆ. ಕಣ್ಣಾರೆ ಕಂಡದ್ದು ಆ ದಿನ.

ಲಾರಿ ಟ್ಯೂಬು ಕತ್ತರಿಸಿ ಮರದ ತಳಕ್ಕೆ ಹೊಡೆದೆ. ಅದರ ಒಂದು ಮೊಳದಷ್ಟು ಉದ್ದದ ನಾಲಿಗೆಯನ್ನು ಗಾಲಿಯ ಕಡೆಗೆ ಬಿಟ್ಟೆ. ಗಾಲಿ ಮೊದಲು ಆ ನಾಲಿಗೆಯನ್ನು ಮೆಟ್ಟಿ, ಆಮೇಲೆ ಮರ ಹತ್ತಬೇಕು. ಮೆಟ್ಟಿದ ನಾಲಿಗೆ ಗಾಲಿಯದೇ ಭಾರಕ್ಕೆ ಸಿಕ್ಕಿಕೊಂಡಿರುತ್ತದೆ. ಅದರಿಂದ ಜಾರುವುದೇನೋ ನಿಂತಿತು, ಆಯಿಲ್ ಬದಲಿಸುವುದೂ ಆಯಿತು. ಆದರೆ ಇಳಿಜಾರಿನ ಮೇಲೆ ಕಾರಿನ ಮೂತಿ ಮಾತ್ರ ಮೇಲೆ. ಗೇರ್ ಬಾಕ್ಸಿನ ಆಯಿಲ್ ಮಟ್ಟ ನೋಡಬೇಕಾದರೆ ಕಾರು ನೀರು ಕೂತ ಹಾಗೆ ಸಮವಾಗಿ ಇರಬೇಕು. ನಾಲ್ಕೂ ಗಾಲಿ ಒಂದೇ ಎತ್ತರಕ್ಕೆ ಬರಬೇಕು.

ನಾಲ್ಕು ಪೀಠ ಬೇಕು ಎಂದಾಯಿತು. ಎಷ್ಟು ಗಟ್ಟಿ ಇರಬೇಕು? ಇದನ್ನು ಅಂದಾಜಿಗೆ ಬಿಡುವ ಮನಸ್ಸಿರಲಿಲ್ಲ. ಮಾರುತಿಯ ಭಾರದಲ್ಲಿ ಹತ್ತಿರ ಹತ್ತಿರ ನೂರಕ್ಕೆ 60 ಪಾಲು ಮುಂದಿನ ಗಾಲಿಗಳ ಮೇಲೆ. ಹಾಗಾದರೆ ಮುಂದಿನ ಒಂದೊಂದು ಗಾಲಿಗೆ ಸುಮಾರು 195 ಕೆಜಿ. ಅದು ಎಷ್ಟು ಜಾಗದ ಮೇಲೆ ಬೀಳುತ್ತದೆ ಎಂದು ನೋಡಲು ಗಾಲಿಯನ್ನು ಜಾಕಿನಲ್ಲಿ ಎತ್ತಿ, ಕೆಳಗೆ ಬಿಳಿ ಹಾಳೆ, ಅದರ ಮೇಲೆ ಬಿಲ್ ಪುಸ್ತಕದ ಕಾರ್ಬನ್ ಕಾಗದ ಇಟ್ಟು ಮೆಲ್ಲನೆ ಇಳಿಸಿದೆ. ಮತ್ತೆ ಎತ್ತಿ ಹಾಳೆ ತೆಗೆದಾಗ ಟೈರಿನ ಹೆಜ್ಜೆಗುರುತು ನೀಲಿಯಾಗಿ ಮೂಡಿತ್ತು. ಅಂಕುಡೊಂಕು ಗೆರೆಗಳ ಒಂದು ಚಿಕ್ಕ ಆಯತ. ಅಪ್ಪ ಬಂದು ನೋಡಿದರು. ಒಳಗೆ ಹೋಗಿ ಒಂದು ಪೋಸ್ಟ್ ಕಾರ್ಡ್ ತಂದು ಅದರ ಮೇಲೆ ಇಟ್ಟರು. ಗುರುತು ಕಾರ್ಡಿನ ಅಡಿಯಲ್ಲಿ ಪೂರ್ತಿ ಮುಚ್ಚಿಹೋಯಿತು.

"ಇಷ್ಟೇನಾ?" ಎಂದರು.

ಇಷ್ಟೇ. ಲೆಕ್ಕವೂ ಅದನ್ನೇ ಹೇಳುತ್ತಿತ್ತು. ಟೈರಿನಲ್ಲಿ 26 ಪೌಂಡ್ ಗಾಳಿ ಎಂದರೆ ಚದರ ಸೆಂಟಿಮೀಟರಿಗೆ 1.8 ಕೆಜಿ. ಟೈರು ನೆಲವನ್ನು ಒತ್ತುವುದೂ ಹೆಚ್ಚುಕಡಿಮೆ ಅದೇ ಒತ್ತಡದಲ್ಲಿ. 195ನ್ನು 1.8ರಿಂದ ಭಾಗಿಸಿದರೆ 108 ಚದರ ಸೆಂಟಿಮೀಟರ್. ಪೋಸ್ಟ್ ಕಾರ್ಡ್ 14ಕ್ಕೆ 9 ಸೆಂಟಿಮೀಟರ್, ಅಂದರೆ 126. ಒಳ್ಳೆಯ ಮರಕ್ಕೆ ಈ ಒತ್ತಡ ಏನೇನೂ ಅಲ್ಲ. ಗಾಳಿ ತುಂಬಿದ ಟೈರು ಭಾರವನ್ನು ಹರಡಿ ಮೆತ್ತಗೆ ಕೂರಿಸುತ್ತದೆ. ಅಪ್ಪನ ಬ್ಲಾಕನ್ನು ಕೊಂದದ್ದು ಕಬ್ಬಿಣದ ಅಂಚು. ಹಾಗಾದರೆ ನಾನು ಹೆದರಬೇಕಾದದ್ದು ಮರ ಜಜ್ಜಿಹೋಗುವುದಕ್ಕಲ್ಲ. ಸೀಳುವುದಕ್ಕೆ, ಮಗುಚುವುದಕ್ಕೆ, ಜಾರುವುದಕ್ಕೆ. ಅಲ್ಲಿಂದ ಮುಂದೆ ನಾನು ಮಾಡಿದ್ದೆಲ್ಲ ಈ ಮೂರು ಭಯಗಳಿಗೆ ಒಂದೊಂದಾಗಿ ಉತ್ತರ ಹುಡುಕಿದ್ದು.

ಅದು ಮೈಸೂರಿನ ಸುತ್ತಮುತ್ತ ಮೀಟರ್ ಗೇಜ್ ಹಳಿ ಕಿತ್ತು ಬ್ರಾಡ್ ಗೇಜ್ ಹಾಕುತ್ತಿದ್ದ ದಶಕ. ಹಳೆಯ ಮರದ ಸ್ಲೀಪರುಗಳು ಗುಜರಿ ಮರದ ಅಂಗಡಿಗಳಿಗೆ ಬಂದು ಬಿದ್ದಿದ್ದವು. ಒಂದೊಂದೂ 180 ಸೆಂಟಿಮೀಟರ್ ಉದ್ದ, 20 ಅಗಲ, ಹನ್ನೊಂದೂವರೆ ದಪ್ಪ. ನಾಲ್ಕು ತುಂಡು ಮಾಡಿದರೆ ಒಂದು ಪೀಠ. ರೈಲನ್ನೇ ಹೊತ್ತ ಮರ, ಇನ್ನೇನು ಬೇಕು ಎಂದು ನಾಲ್ಕು ಸ್ಲೀಪರ್ ತಂದೆ. ಸಾಮಿಲ್ಲಿನವರು ಮುಟ್ಟಲು ಒಪ್ಪಲಿಲ್ಲ. ಒಳಗೆ ಮುರಿದು ಉಳಿದ ಮೊಳೆ, ಹುದುಗಿದ ಜಲ್ಲಿಕಲ್ಲು ಬ್ಲೇಡಿನ ಹಲ್ಲು ತೆಗೆಯುತ್ತವೆ ಎಂದರು. ಕೈಗರಗಸದಲ್ಲೇ ಕೊಯ್ದೆ. ಒಂದು ಕೊಯ್ತಕ್ಕೆ ಒಂದು ಸಂಜೆ. ಕೊಯ್ದ ಪುಡಿ ಕಪ್ಪಗೆ, ಸ್ಲೀಪರುಗಳಿಗೆ ಹಚ್ಚುತ್ತಿದ್ದ ಆ ಎಣ್ಣೆಯ ಘಾಟು. ಬೆವರಿದ ಮುಂಗೈಗೆ ತಾಗಿದಲ್ಲೆಲ್ಲ ಉರಿ. ಕೊನೆಗೆ ನಿಂತ ಪೀಠ ನೋಡಲು ಕೋಟೆಯಂತೆ ಇತ್ತು. ಆದರೆ ಒಂದೊಂದು 35 ಕೆಜಿ. ಮಂಡಿಯೂರಿ ಕೂತು ಅದನ್ನು ಗಾಲಿಯ ಕೆಳಗೆ ನೂಕಬೇಕು. ಅದೂ ಕಾರು ಜಾಕಿನ ಮೇಲಿರುವಾಗ! ಭಾರದ ವಸ್ತುವನ್ನು ಕಷ್ಟಪಟ್ಟು ಒಳಗೆ ತಳ್ಳುವವನ ಭುಜ ಕಾರಿಗೆ ತಾಗದೆ ಇರುವುದಿಲ್ಲ. ಗಟ್ಟಿಯಾದದ್ದೆಲ್ಲ ಸುರಕ್ಷಿತವಲ್ಲ ಎಂಬುದು ಎರಡು ಸಲ ಬಳಸಿದ ಮೇಲೆ ಅರ್ಥವಾಯಿತು. ಸ್ಲೀಪರುಗಳು ಹಿತ್ತಲಿನಲ್ಲಿ ಒಗೆಯುವ ಕಲ್ಲಿನ ಸುತ್ತ ಮೆಟ್ಟಿಲಾದವು.

ನಂಜನಗೂಡಿನ ಕಡೆಯ ಒಬ್ಬರು ಆಚಾರ್ರು ನಮ್ಮ ಶಾಲೆಯ ಬೆಂಚು ರಿಪೇರಿಗೆ ಬರುತ್ತಿದ್ದರು. ಅರುವತ್ತು ದಾಟಿದವರು. ದೊಡ್ಡ ಜಾತ್ರೆಯಲ್ಲಿ ಐದು ತೇರು ಎಳೆಯುತ್ತಾರಲ್ಲ, ಆ ತೇರಿನ ಗಾಲಿಗಳಿಗೆ ಕೊಡುವ ಮರದ ತಡೆಗಳ ಕೆಲಸ ಬಲ್ಲವರು. ಶ್ರೀಕಂಠೇಶ್ವರನ ತೇರಿಗೆ ಸ್ಟಿಯರಿಂಗೂ ಇಲ್ಲ, ಬ್ರೇಕೂ ಇಲ್ಲ. ಓಡುವ ಗಾಲಿಯ ಕೆಳಗೆ ಸರಿಯಾದ ಕ್ಷಣಕ್ಕೆ ಮರದ ತಡೆ ಕೊಟ್ಟೇ ಅದನ್ನು ತಿರುಗಿಸಬೇಕು, ನಿಲ್ಲಿಸಬೇಕು. ಗಾಲಿಗೂ ಮರಕ್ಕೂ ಇರುವ ಸಂಬಂಧವನ್ನು ಅವರಿಗಿಂತ ಹತ್ತಿರದಿಂದ ಬಲ್ಲವರನ್ನು ನಾನು ನೋಡಿಲ್ಲ. ಒಂದು ಮಧ್ಯಾಹ್ನ ಸ್ಟಾಫ್ ರೂಮಿನ ಹೊರಗೆ ನನ್ನ ಚಿತ್ರ ತೋರಿಸಿದೆ. ಮರದ ತುಂಡುಗಳನ್ನು ಕಂಬದಂತೆ ನಿಲ್ಲಿಸಿ ಮೇಲೆ ಹಲಗೆ ಬಡಿಯುವ ಯೋಜನೆ ಅದು. ಭಾರ ಕಡಿಮೆಯಾಗುತ್ತದೆ ಎಂದು.

"ಇದನ್ನ ನಿಲ್ಸಬ್ಯಾಡಿ ಮೇಷ್ಟ್ರೇ, ಮಲಗ್ಸಿ" ಎಂದರು. "ಎಳೆ ನಿಂತಿದ್ರೆ ಮರ ಸೀಳ್ತದೆ. ಸೀಳಿದ್ರೆ ಕೇಳಂಗಿಲ್ಲ, ಹೋಯ್ತು. ಮಲಗಿದ್ರೆ ನಲುಗ್ತದೆ. ನಲುಗೋ ಮರ ಕಿರ್ ಅಂತದೆ, ತಗ್ತದೆ, ನಿಮ್ಗೆ ಹೇಳ್ತದೆ. ಹೇಳಿ ಹೋಗೋ ಮರ ಹಾಕಿ."

ಹೇಳಿ ಹೋಗುವ ಮರ. ಹನ್ನೊಂದು ವರ್ಷದಿಂದ ನನ್ನೊಳಗಿದ್ದುದಕ್ಕೆ ಆಚಾರ್ರು ಮಾತು ಕೊಟ್ಟರು. ಆ ರಾತ್ರಿ ನಮ್ಮ ಬ್ಲಾಕ್ ಹೇಳದೆ ಹೋಗಿತ್ತು. ಗಣಿಗಳ ಒಳಗೆ, ಕುಸಿದ ಕಟ್ಟಡಗಳ ಅಡಿಯಲ್ಲಿ ಆಸರೆ ಕೊಡುವವರು ಮರವನ್ನೇ ಅಡ್ಡ ಉದ್ದ ಪೇರಿಸುವುದೂ ಇದೇ ಕಾರಣಕ್ಕೆ ಎಂದು ನಾನು ಆಮೇಲೆ ಓದಿ ತಿಳಿದೆ. ಅಡ್ಡ ಮಲಗಿದ ಮರ ತನ್ನ ಕಷ್ಟವನ್ನು ಸದ್ದು ಮಾಡಿ ತಿಳಿಸುತ್ತದೆ; ಕೆಳಗಿರುವವನಿಗೆ ಎದ್ದು ಬರಲು ಹೊತ್ತು ಕೊಡುತ್ತದೆ.

ಮರವನ್ನೂ ಅವರೇ ಹುಡುಕಿಕೊಟ್ಟರು. ಹಳೆಯ ಮನೆಯೊಂದನ್ನು ಕೆಡವುತ್ತಿದ್ದರು, ಮದ್ರಾಸ್ ತಾರಸಿಯ ಮನೆ. ಅದರ ಜಂತೆಗಳು ನಾಲ್ಕಂಗುಲ ಅಗಲ, ಮೂರಂಗುಲ ದಪ್ಪ, ಎಂಟಡಿ ಉದ್ದ. ತಲೆಮಾರುಗಳ ಕಾಲ ನೆರಳಿನಲ್ಲಿ ಒಣಗಿದ ತೇಗ, ಇನ್ನು ಅದು ಡೊಂಕಾಗುವ ಮಾತೇ ಇಲ್ಲ. ಮೇಲುಮೈಗೆ ಸುಣ್ಣದ ಗಾರೆ ಅಂಟಿತ್ತು ಅಷ್ಟೆ, ಒಳಗೆ ಮೊಳೆ ಇರಲಿಲ್ಲ. ಒಂಬತ್ತು ಜಂತೆ ಕೊಂಡೆವು. ಹದಿನೆಂಟು ಅಂಗುಲಕ್ಕೆ ಒಂದರಂತೆ ಕೊಯ್ದಾಗ 45 ತುಂಡು ಬಂದವು. ಬೇಕಿದ್ದದ್ದು 44. ಉಳಿದ ಒಂದನ್ನು ಆಚಾರ್ರು ಪಕ್ಕಕ್ಕೆ ತೆಗೆದಿಟ್ಟು, "ಇದು ಇರ್ಲಿ" ಎಂದರು.

ಪೀಠವನ್ನು ಎರಡು ಮಜಲು ಮಾಡಿದೆವು. ಕೆಳಗಿನ ಮಜಲಿಗೆ ಏಳು ತುಂಡು: ಅಡಿಯಲ್ಲಿ ಉದ್ದಕ್ಕೆ ಮೂರು, ಅವುಗಳ ನಡುವೆ ಸಂದು ಬಿಟ್ಟು, ಮೇಲೆ ಅಡ್ಡಕ್ಕೆ ನಾಲ್ಕು, ಸಂದಿಲ್ಲದೆ. ಮೇಲಿನ ಮಜಲು ನಾಲ್ಕು ತುಂಡಿನ ಒಂದೇ ಪದರ. ಕೆಳಗಿನದು ಆರಂಗುಲ, ಮೇಲಿನದು ಮೂರು, ಒಟ್ಟು ಒಂಬತ್ತು. ಹದಿನೆಂಟು ಅಂಗುಲದ ಬುಡಕ್ಕೆ ಒಂಬತ್ತಂಗುಲ ಎತ್ತರ. ಮಗುಚುವ ಭಯಕ್ಕೆ ಅದೇ ಉತ್ತರ. ಎರಡನ್ನೂ ಬೇರೆ ಬೇರೆ ಎತ್ತಬಹುದಾದ್ದರಿಂದ ಸೊಂಟಕ್ಕೆ ತೊಂದರೆಯಿಲ್ಲ. ಮೇಲಿನದು ಜಾರದಿರಲು ಕೆಳಗಿನದರಲ್ಲಿ ಎರಡು ಮರದ ಗೂಟ, ಮೇಲಿನದರ ತಳದಲ್ಲಿ ಅವಕ್ಕೆ ಸರಿಯಾಗಿ ಎರಡು ಕುಳಿ. ಮೊಳೆಯೊಂದನ್ನೂ ಹೊಡೆಯಲು ಆಚಾರ್ರು ಬಿಡಲಿಲ್ಲ. ಅಲುಗಾಡುವ ಭಾರಕ್ಕೆ ಮೊಳೆ ಸಡಿಲವಾಗುತ್ತದೆ ಎಂದು ಬೈರಿಗೆಯಲ್ಲಿ ತೂತು ಕೊರೆದು ಬೋಲ್ಟ್ ಹಾಕಿಸಿದರು. ಬೋಲ್ಟಿನ ತಲೆ ಟೈರಿಗೆ ತಾಗದಂತೆ ಉಳಿಯಿಂದ ತಗ್ಗು ಮಾಡಿ ಒಳಗೆ ಇಳಿಸಿದರು. ಗಾಲಿ ಮುಂದೆ ಹಿಂದೆ ಉರುಳದಂತೆ ಎರಡು ತುದಿಗೂ ಒಂದೊಂದು ಬೆಣೆ. ಬೆಣೆಯ ಮುಖವನ್ನು ಅವರು ನೇರವಾಗಿ ಕೊಯ್ಯಲಿಲ್ಲ. ನನ್ನ ಸ್ಟೆಪ್ನಿಯನ್ನು ತರಿಸಿ, ಅದರ ದುಂಡಿಗೆ ಹಿಡಿದು ಹಿಡಿದು ನೋಡಿ, ಉಳಿಯಿಂದ ಒಳಬಾಗು ತೆಗೆದರು. ತೇರಿನ ತಡೆಯ ಮುಖವನ್ನೂ ಹಾಗೇ ತೆಗೆಯುತ್ತಾರಂತೆ. ಬೆಣೆಗೂ ಟೈರಿಗೂ ನಡುವೆ ಒಂದು ಕಾಗದವೂ ಹೋಗದಂತೆ ಕೂತಾಗ ಅವರು ಬೀಡಿ ಹಚ್ಚಿದರು.

ಪೀಠಕ್ಕೆ ಅಗಲ ಅಷ್ಟೇಕೆ ಎಂದು ಕೇಳುವವರಿದ್ದಾರೆ; ಟೈರು ಇರುವುದೇ 145 ಮಿಲಿಮೀಟರ್. ಗಾಲಿ ಜೋತುಬಿದ್ದಾಗ ಸ್ವಲ್ಪ ಒಳಕ್ಕೆ ಸರಿದಿರುತ್ತದೆ, ಭಾರ ಬಿದ್ದಾಗ ಹೊರಕ್ಕೆ ಜರುಗುತ್ತದೆ. ಪೀಠವನ್ನು ಟೈರಿನಷ್ಟೇ ಅಗಲ ಮಾಡಿದರೆ ಇಳಿಸುವ ಹೊತ್ತಿಗೆ ಟೈರಿನ ಅಂಚು ಗಾಳಿಯಲ್ಲಿ ಇರುತ್ತದೆ.

ಬಳಸುವ ಕ್ರಮವನ್ನು ನಾನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆ. ಮಾರುತಿಯ ಜೊತೆ ಬರುತ್ತಿದ್ದ ಜಾಕು ಕಾರನ್ನು ಒಂದೇ ಸಲಕ್ಕೆ ಒಂಬತ್ತಂಗುಲಕ್ಕೆ ಎತ್ತಲಾರದು. ಮೊದಲು ಒಂದು ಮೂಲೆ ಎತ್ತಿ ಕೆಳಗಿನ ಮಜಲು ಇಡಬೇಕು. ನಾಲ್ಕೂ ಮೂಲೆಗೆ ಅದಾದ ಮೇಲೆ ಜಾಕಿನ ಅಡಿಗೆ ಅಗಲವಾದ ಮರ ಕೊಟ್ಟು ಇನ್ನೊಂದು ಸುತ್ತು. ಎತ್ತದೆ ನೆಲದ ಮೇಲಿರುವ ಗಾಲಿಗೆ ಎರಡು ಕಡೆಯೂ ಬೆಣೆ ಕೊಡದೆ ಜಾಕನ್ನು ಮುಟ್ಟುವ ಹಾಗಿಲ್ಲ. ಹ್ಯಾಂಡ್ ಬ್ರೇಕನ್ನು ನಂಬಿದವರಿಗೆ ಒಂದು ಮಾತು: ಅದು ಹಿಡಿಯುವುದು ಹಿಂದಿನ ಗಾಲಿಗಳನ್ನು ಮಾತ್ರ. ಮಾರುತಿಯಲ್ಲಿ ಹಿಂಭಾಗ ಎತ್ತಿದರೂ ಗೇರಿನಲ್ಲಿ ಬಿಟ್ಟರೆ ಮುಂದಿನ ಗಾಲಿ ಹಿಡಿದಿರುತ್ತದೆ. ಫಿಯೆಟ್‌ನಲ್ಲಿ ಗೇರೂ ಹಿಂದಿನ ಗಾಲಿಗೆ, ಹ್ಯಾಂಡ್ ಬ್ರೇಕೂ ಹಿಂದಿನ ಗಾಲಿಗೆ. ಹಿಂಭಾಗ ಎತ್ತಿದ ಕ್ಷಣ ಅದನ್ನು ಹಿಡಿದಿರುವುದು ಏನೂ ಇಲ್ಲ. ಮುಂದಿನ ಗಾಲಿಗೆ ಕೊಟ್ಟ ಬೆಣೆಯೊಂದೇ. ಬಿಚ್ಚಿದ ಗಾಲಿ ಇದ್ದರೆ ಅದನ್ನು, ಇಲ್ಲವೇ ಸ್ಟೆಪ್ನಿಯನ್ನು ಬಾಗಿಲಿನ ಅಡಿಪಟ್ಟಿಯ ಕೆಳಗೆ ಮಲಗಿಸುವುದೂ ಆ ಹಾಳೆಯಲ್ಲಿತ್ತು. ಎಲ್ಲ ಕೈಕೊಟ್ಟರೂ ಒಬ್ಬ ಮನುಷ್ಯನ ಎದೆಯಷ್ಟು ಎತ್ತರ ಉಳಿಯಲಿ ಎಂದು.

ಕೊನೆಯ ಸಾಲು ದಪ್ಪ ಅಕ್ಷರದಲ್ಲಿತ್ತು: ಅಲ್ಲಾಡಿಸಿ ನೋಡು, ಆಮೇಲೆ ಕಿವಿಗೊಡು. ಕಾರಿನ ಪಕ್ಕಕ್ಕೆ ನಿಂತು ಸೊಂಟ ಕೊಟ್ಟು ಎರಡೂ ಕಡೆಯಿಂದ ಜೋರಾಗಿ ನೂಕಬೇಕು. ಬೀಳುವುದಾದರೆ ಆಗಲೇ ಬೀಳಲಿ. ಆಮೇಲೆ ಹತ್ತು ನಿಮಿಷ ಏನೂ ಮಾಡದೆ ಕೂತು ಕೇಳಬೇಕು. ಮರ ಭಾರಕ್ಕೆ ಹೊಂದಿಕೊಳ್ಳುವಾಗ ಒಂದೆರಡು ಸಲ ಟಿಕ್ ಟಿಕ್ ಎನ್ನುತ್ತದೆ. ಆಮೇಲೆ ಸುಮ್ಮನಾಗುತ್ತದೆ.

ಮೊದಲ ಸಲ ಕಾರನ್ನು ಪೂರ್ತಿ ಎತ್ತಿ ನಿಲ್ಲಿಸಿದ ದಿನ ಹಿಂದಿನ ಬಲಗಡೆಯ ಪೀಠ ಸುಮ್ಮನಾಗಲಿಲ್ಲ. ಸಣ್ಣಗೆ, ಹಲ್ಲು ಕಡಿದ ಹಾಗೆ, ಬಿಟ್ಟು ಬಿಟ್ಟು ಕಿರ್ ಎನ್ನುತ್ತಿತ್ತು. ಅಪ್ಪ ಕುರ್ಚಿ ಹಾಕಿಕೊಂಡು ಅದರ ಪಕ್ಕವೇ ಕೂತಿದ್ದರು. "ಕೆಳಗೆ ಹೋಗ್ಬೇಡ ಕಣೋ, ಅದು ಏನೋ ಹೇಳ್ತಾ ಇದೆ" ಎಂದರು. ಹೋಗಲಿಲ್ಲ. ರಾತ್ರಿಯೆಲ್ಲ ಕಾರನ್ನು ಹಾಗೇ ಬಿಟ್ಟೆವು. ಬೆಳಗ್ಗೆ ಆ ಪೀಠದ ಅಡಿಯ ಒಂದು ತುಂಡು ಕಾಲಂಗುಲ ತಗ್ಗಿತ್ತು. ಇಳಿಸಿ, ಬಿಚ್ಚಿ, ಕೊಯ್ದು ನೋಡಿದರೆ ಒಳಗೆ ಹುಳು ಕೊರೆದ ಸುರಂಗ. ಹೊರಮೈ ಮಾತ್ರ ಗಟ್ಟಿ. ಹಿಟ್ಟಿನಂಥ ಪುಡಿ ಅಂಗೈ ತುಂಬ ಸುರಿಯಿತು. ಆದರೂ ಕಾರು ಬಿದ್ದಿರಲಿಲ್ಲ. ಮರ ರಾತ್ರಿಯೆಲ್ಲ ಹೇಳುತ್ತ, ಹೇಳುತ್ತ, ಕಾಲಂಗುಲ ಇಳಿದು ನಿಂತಿತ್ತು. ಅಪ್ಪ ಎದ್ದು ಹೋಗಿ ನಲವತ್ತೈದನೆಯ ತುಂಡು ತಂದುಕೊಟ್ಟರು.

ಅದಾದ ಮೇಲೆ ಆ ಪೀಠಗಳ ಮೇಲೆ ಎಷ್ಟು ಭಾನುವಾರ ಕಳೆದವೋ ಲೆಕ್ಕವಿಟ್ಟಿಲ್ಲ. ಲೋಯರ್ ಆರ್ಮ್‌ನ ಬುಷ್ ಹಾಕಿ, ಕಾರು ತನ್ನ ಗಾಲಿಗಳ ಮೇಲೆ ನಿಂತಿರುವಾಗ ಬೋಲ್ಟ್ ಬಿಗಿ ಮಾಡಿದೆ. ಆ ಬುಷ್ ಕಾರನ್ನು ಮಾರುವವರೆಗೂ ಹರಿಯಲಿಲ್ಲ. ಅಪ್ಪನೂ ಒಂದು ದಿನ, ಯಾರೂ ಕರೆಯದೆ, ಶರ್ಟು ತೆಗೆದು ಬನಿಯನ್ನಿನಲ್ಲಿ ಬಂದು ಚಾಪೆ ಹಾಸಿಕೊಂಡು ನನ್ನ ಪಕ್ಕಕ್ಕೆ ಕಾರಿನ ಕೆಳಗೆ ಮಲಗಿದರು. ಹನ್ನೆರಡು ವರ್ಷದ ಮೇಲೆ. ಸೈಲೆನ್ಸರಿನ ರಬ್ಬರು ಹಾಕುತ್ತಿದ್ದೆ. ಅವರು ಏನೂ ಮಾಡಲಿಲ್ಲ. ಮೇಲೆ ನೋಡುತ್ತ, ಒಂದೊಂದು ಪೈಪನ್ನೂ ಬೆರಳಿನಿಂದ ಮುಟ್ಟುತ್ತ, ಇದು ಎಲ್ಲಿಗೆ ಹೋಗುತ್ತೆ, ಅದು ಯಾವುದು ಎಂದು ಕೇಳುತ್ತ ಅರ್ಧ ಗಂಟೆ ಮಲಗಿದ್ದರು.

2014ರಲ್ಲಿ ಮಾರುತಿ 800 ತಯಾರಾಗುವುದೇ ನಿಂತಿತು. ನನ್ನದನ್ನು ಅದಕ್ಕೆ ಸ್ವಲ್ಪ ಮೊದಲೇ ಕೊಟ್ಟಿದ್ದೆ. ಪೀಠಗಳು ಮಾತ್ರ ಪೋರ್ಟಿಕೋದ ಮೂಲೆಯಲ್ಲಿ ಒಂದರ ಮೇಲೊಂದು ಕೂತಿದ್ದವು. ಅಪ್ಪನಿಗೆ ಆಗ ಎಂಬತ್ತರ ಮೇಲಾಗಿತ್ತು. ರಾತ್ರಿ ಮಲಗಿದರೆ ಹುಳಿ ಗಂಟಲಿಗೆ ಬರುತ್ತಿತ್ತು, ಕೆಮ್ಮು, ನಿದ್ದೆಯಿಲ್ಲ. ಡಾಕ್ಟರು ಮಂಚದ ತಲೆಯ ಕಡೆಯ ಎರಡು ಕಾಲನ್ನು ಆರಂಗುಲ ಎತ್ತರಿಸಿ ಎಂದರು. ಯಾರೋ ಇಟ್ಟಿಗೆ ತರಲು ಹೊರಟರು. ನಾನು ಹೋಗಿ ಎರಡು ಪೀಠದ ಕೆಳಗಿನ ಮಜಲುಗಳನ್ನು ತಂದು, ಧೂಳು ಒರೆಸಿ, ಮಂಚದ ಕಾಲುಗಳ ಅಡಿಗೆ ಇಟ್ಟೆ.

ಅಪ್ಪ ಗೋಡೆ ಹಿಡಿದು ನಿಧಾನವಾಗಿ ಬಂದರು. ಮರವನ್ನು ನೋಡಿದರು, ನನ್ನನ್ನು ನೋಡಿದರು. ಮಂಚಕ್ಕೆ ಸೊಂಟ ಕೊಟ್ಟು, ಇದ್ದಷ್ಟು ಶಕ್ತಿಯಲ್ಲಿ ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ನೂಕಿದರು. ಆಮೇಲೆ ಮಂಚದ ಅಂಚಿನಲ್ಲಿ ಕೂತು, ಕೈಯೆತ್ತಿ ನಮ್ಮನ್ನೆಲ್ಲ ಸುಮ್ಮನಿರಿಸಿ, ತಲೆ ಬಾಗಿಸಿ ಕಿವಿಗೊಟ್ಟರು. ಟಿಕ್ ಎಂದು ಒಂದು ಸಲ ಕೇಳಿಸಿತು. ಇನ್ನೊಂದು ಸಲ. ಆಮೇಲೆ ಏನೂ ಇಲ್ಲ.

"ಸರಿ, ದೀಪ ಆರ್ಸು" ಎಂದು ಕಾಲು ಮೇಲೆ ತೆಗೆದುಕೊಂಡರು.